ನಾನು ಬಿಡಿಸಿದ ಮನಿಯಾರ್ಡರ್

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಮನಿಯಾರ್ಡರಿನಲ್ಲಿ ಬರುತ್ತಿದ್ದ ವೃದ್ಧಾಪ್ಯ ವೇತನವನ್ನು ಖಾತೆಗೇ ಹಾಕಿಸಿಕೊಳ್ಳುವಂತೆ ಹಳ್ಳಿಯವರನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆದಿವಾಲದಲ್ಲಿ ಕುರಿ ಸಾಕಿ ಬಾಳಿದ್ದ ಅಜ್ಜಿಯೊಬ್ಬಳು ಹಿಂಜರಿದಳು. "ದುಡ್ಡು ಭದ್ರವಾಗಿರ್ತೈತೆ, ನಂಬಜ್ಜಿ" ಎಂದೆ. ನಂಬಿ ಹೆಬ್ಬೆಟ್ಟು ಒತ್ತಿದಳು.

ಕೆಲವು ತಿಂಗಳಲ್ಲೇ ಅವಳು ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಔಷಧಿಗೆ ಹಣ ಒಯ್ಯಲು ಪಕ್ಕದ ಮನೆಯವನು ಬ್ಯಾಂಕಿಗೆ ಬಂದ. ಹೆಬ್ಬೆಟ್ಟಿನ ಖಾತೆದಾರರು ತಾವೇ ಬರಬೇಕೆಂಬುದು ನಿಯಮ. ಮ್ಯಾನೇಜರು ಒಪ್ಪಲಿಲ್ಲ. ಅವನನ್ನು ಬರಿಗೈಲಿ ಕಳಿಸಿದವನು ನಾನೇ.

ಮರುದಿನ ಅಜ್ಜಿಯನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ನಾನು ಶಾಯಿ, ಚೀಟಿ ಹಿಡಿದು ಬೀದಿಗೆ ಓಡಿದೆ. ಗಾಡಿಯ ಕುಲುಕಾಟಕ್ಕೆ ಅವಳ ಮುಖ ಬಿಳಿಚಿಕೊಂಡಿತ್ತು.

"ಅಂಚೆಯಣ್ಣ ಮನೆ ಬಾಗಿಲಿಗೇ ಬರ್ತಿದ್ದ. ನೀನ್ಯಾಕಪ್ಪ ಅದನ್ನ ಬಿಡಿಸ್ದೆ?" ಎಂದಳು.

ಚೀಟಿಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ತಂದುಕೊಟ್ಟೆ. ಮತ್ತೆ ಮನಿಯಾರ್ಡರಿಗೆ ಬದಲಿಸಿಕೊಡಿ ಎಂದು ಅವಳ ಪರವಾಗಿ ಅರ್ಜಿ ಬರೆದೆ. ಅದು ತಾಲ್ಲೂಕು ಕಚೇರಿಯಲ್ಲಿ ಕೊಳೆಯುತ್ತಿರುವಾಗಲೇ ಅಜ್ಜಿ ತೀರಿಕೊಂಡಳು.

ಆ ವಾರವೇ ಇನ್ನಷ್ಟು ಮುದುಕರನ್ನು ಒಪ್ಪಿಸಿ ಬಾ ಎಂದು ನನ್ನನ್ನು ಹರಿಯಬ್ಬೆ ಹಳ್ಳಿಗೆ ಕಳಿಸಿದರು. ಒಲ್ಲೆ ಎನ್ನುವ ಧೈರ್ಯ ನನಗಿರಲಿಲ್ಲ. ಹೋದೆ.