ಸಿದ್ದಲಿಂಗಣ್ಣ ನಡೆದು ನೋಡಿದ ದಾರಿ

ಬಾಗಿದ ಫೋರ್ಕನ್ನು ಸಿದ್ದಲಿಂಗಣ್ಣ ನೆಟ್ಟಗೆ ಮಾಡುತ್ತಿರಲಿಲ್ಲ, ಮುರಿಯುತ್ತಿದ್ದರು.

ಸೈಕಲ್ಲಿನ ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುವ ಕಬ್ಬಿಣದ ಕವಲೇ ಫೋರ್ಕು. ಎಲ್ಲಾದರೂ ಗುದ್ದಿ ಅದನ್ನು ಬಗ್ಗಿಸಿಕೊಂಡು ಬಂದವರು, "ಒಂಚೂರು ಕಾಯ್ಸಿ ನೆಟ್ಟಗ್ ಮಾಡ್ಕೊಡಿ ಅಣ್ಣ" ಎಂದು ಕೇಳುತ್ತಿದ್ದರು. ಉಳಿದ ಅಂಗಡಿಗಳಲ್ಲಿ ಅದೇ ರೂಢಿ. ಇವರು ಮಾತಾಡದೆ ಫೋರ್ಕು ಬಿಚ್ಚಿ, ಅಂಗಡಿ ಮುಂದಿನ ಚಪ್ಪಡಿಯ ಮೇಲಿಟ್ಟು, ದೊಡ್ಡ ಸುತ್ತಿಗೆಯಲ್ಲಿ ನಾಲ್ಕೇಟು ಹಾಕಿ ಯಾರಿಗೂ ಬೇಡವಾಗುವಂತೆ ಮಾಡಿಬಿಡುತ್ತಿದ್ದರು.

ನಾನು ಮೊದಲ ಸಲ ಆ ಅಂಗಡಿಗೆ ಹೋದಾಗ ನೋಡಿದ್ದೇ ಇದನ್ನು. ಫ್ಯಾಕ್ಟರಿ ಕೆಲಸದ ಒಬ್ಬಾತ ರೇಗಿ ನಿಂತಿದ್ದ. "ನನ್ ಸಾಮಾನು ಮುರಿಯೋಕೆ ನೀವ್ಯಾರ್ರೀ?"

"ಬೈಯಿ, ಎಷ್ಟ್ ಬೇಕಾದ್ರೂ ಬೈಯಿ. ಆದ್ರೆ ಅದ್ರ ಮೇಲ್ ಕೂತ್ಕಂಡು ಮಾತ್ರ ಹೋಗ್ಬೇಡ" ಎಂದ ಸಿದ್ದಲಿಂಗಣ್ಣ, ಗೋಡೆಗೆ ಒರಗಿಸಿದ್ದ ತಮ್ಮದೇ ಸೈಕಲ್ಲನ್ನು ಎಳೆದು, ಅದರ ಫೋರ್ಕು ಬಿಚ್ಚಿ ಅವನ ಗಾಡಿಗೆ ಹಾಕಿಕೊಟ್ಟರು. ಆಮೇಲೆ ಒಂದು ವಾರ ಅವರು ಮನೆಗೂ ಅಂಗಡಿಗೂ ನಡೆದೇ ಓಡಾಡಿದರೆಂದು ಪಕ್ಕದ ಹೂವಿನವಳು ಹೇಳಿದಳು.

ರಾಜಾಜಿನಗರದಿಂದ ಮಾಗಡಿ ರಸ್ತೆಗೆ ಇಳಿಯುವ ತಿರುವಿನಲ್ಲಿತ್ತು ಆ ಅಂಗಡಿ. ಎಪ್ಪತ್ತರ ದಶಕದ ಆರಂಭದ ಮಾತು. ಸಿದ್ದಲಿಂಗಣ್ಣನಿಗೆ ಆಗಲೇ ಐವತ್ತು ದಾಟಿರಬೇಕು. ಎತ್ತರದ ಆಳು, ಸೊರಗಿದ ಮೈ, ಖಾಕಿ ಅಂಗಿ. ಬೆರಳುಗಳು ಎಷ್ಟು ತೊಳೆದರೂ ಹೋಗದ ಗ್ರೀಸಿನಿಂದ ಕಪ್ಪಗೆ. ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಮಾತ್ರ ಬೆಳಗಿನಿಂದ ಸಂಜೆವರೆಗೆ ಒಂದಿಷ್ಟೂ ಕದಡದೆ ಬೆಳ್ಳಗಿರುತ್ತಿದ್ದವು. ಆ ಕೈಯಲ್ಲಿ ಈ ಹಣೆ ಹೇಗೆ ಸಾಧ್ಯ ಎಂದು ನನಗೆ ಯಾವಾಗಲೂ ಆಶ್ಚರ್ಯ.

ನನಗಾಗ ಇಪ್ಪತ್ತೆರಡು. ಸೂಲಗಿತ್ತಿ ನರ್ಸ್ ತರಬೇತಿ ಮುಗಿಸಿ ಉಲ್ಲಾಳದ ಉಪಕೇಂದ್ರಕ್ಕೆ ನೇಮಕವಾಗಿದ್ದೆ. ಸುತ್ತಲಿನ ಏಳೆಂಟು ಹಳ್ಳಿಗಳ ಹೆರಿಗೆಗಳೆಲ್ಲ ನನ್ನ ಪಾಲು. ಅಲ್ಲಿ ಇರಲು ಕ್ವಾರ್ಟರ್ಸ್ ಇನ್ನೂ ಕಟ್ಟಿರಲಿಲ್ಲ. ಬಸ್ಸು ದಿನಕ್ಕೆ ಎರಡು, ಮಳೆ ಬಂದರೆ ಅದೂ ಇಲ್ಲ. ಅಪ್ಪ ತೀರಿಕೊಂಡಿದ್ದರು, ಅಮ್ಮನ ಜೊತೆ ರಾಜಾಜಿನಗರದ ವಠಾರದಲ್ಲಿದ್ದೆ. ಬಾಲ್ಯದಲ್ಲಿ ಬಾಡಿಗೆ ಸೈಕಲ್ ತುಳಿದು ಕಲಿತಿದ್ದೆ. ಸೈಕಲ್ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಹಸಿರು ಬಣ್ಣದ ಲೇಡೀಸ್ ಸೈಕಲ್ಲೊಂದರ ಚಿತ್ರವಿತ್ತು. ಅದನ್ನೇ ಬೆರಳಿಟ್ಟು ತೋರಿಸಿದೆ.

"ಚೆನ್ನಾಗದೆ. ಎಲ್ಲಿಂದ ಎಲ್ಲೀಗಂಟ ಓಡಿಸ್ತೀರ?" ಎಂದರು ತಲೆ ಎತ್ತದೆ.

"ಇಲ್ಲಿಂದ ಉಲ್ಲಾಳಕ್ಕೆ. ಅಲ್ಲಿಂದ ಹಳ್ಳಿಗಳಿಗೆ."

"ದಿನಾನಾ?"

"ದಿನಾ."

"ಮಳೆಗಾಲದಲ್ಲೂ?"

"ಹೆರಿಗೆ ಮಳೆಗಾಲ ನೋಡ್ಕೊಂಡು ಬರುತ್ತಾ ಅಣ್ಣ?"

ಆಗ ಮೊದಲ ಬಾರಿಗೆ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಹಂಗಾದ್ರೆ ಇವತ್ತು ಸೈಕಲ್ ಮಾತೇ ಬ್ಯಾಡ. ಬಿಸ್ಲಲ್ಲಿ ಎಲ್ಲಾ ಸೈಕ್ಲೂ ಸೈಕ್ಲೇ. ಆಷಾಢದಲ್ಲಿ ನಿಲ್ಲೋದು ಯಾವ್ದು ಅಂತ ನೋಡ್ಬೇಕು. ಭಾನ್ವಾರ ನಂಗೆ ದಾರಿ ತೋರ್ಸಿ."

ತಮಾಷೆಗೆ ಹೇಳಿದರೆಂದುಕೊಂಡೆ. ಭಾನುವಾರ ಏಳು ಗಂಟೆಗೆ ವಠಾರದ ಬಾಗಿಲಲ್ಲಿ ನಿಂತಿದ್ದರು.

ಪರಿಚಯವಿಲ್ಲದ ಗಂಡಸಿನ ಜೊತೆ ಮಗಳನ್ನು ಕಳಿಸಲಾರದೆ ಅಮ್ಮನೂ ಕೊಡೆ ಹಿಡಿದು, ಚಿತ್ರಾನ್ನ ಕಟ್ಟಿಕೊಂಡು ಹೊರಟರು. ಹೀಗೆ ನಾವು ಮೂವರು ಮಾಗಡಿ ರಸ್ತೆ ಹಿಡಿದು, ನಾಗರಬಾವಿ ದಾಟಿ, ಕೆರೆ ಏರಿ ಹತ್ತಿ ಉಲ್ಲಾಳದವರೆಗೆ ನಡೆದೆವು. ಸಿದ್ದಲಿಂಗಣ್ಣ ನಡೆಯುವ ರೀತಿಯೇ ಬೇರೆ. ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಕೂತು ಒಂದು ಹಿಡಿ ಎತ್ತಿ, ಬಾಟಲಿಯ ನೀರು ಹಾಕಿ, ಅಂಗೈಯಲ್ಲಿ ಉಂಡೆ ಕಟ್ಟಿ ನೋಡುವರು. ಇಳಿಜಾರಿನಲ್ಲಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಹೋಗಿಬರುವರು. ಕೆರೆಯ ಕೋಡಿ ಹಾಯುವಲ್ಲಿ ಪಂಚೆ ಎತ್ತಿ ಮೊಣಕಾಲವರೆಗೆ ಇಳಿದು, ಕಾಲಿನಿಂದ ತಳ ತಡವಿದರು. ದನ ಕಾಯುತ್ತಿದ್ದ ಮುದುಕನನ್ನು, "ಜೋರ್ ಮಳೆ ಹೊಡುದ್ರೆ ನೀರು ಎಲ್ಲೀಗಂಟ ಬರ್ತದೆ ಯಜಮಾನ್ರೆ?" ಎಂದು ವಿಚಾರಿಸಿದರು. ಒಂದಕ್ಷರ ಬರೆದುಕೊಳ್ಳಲಿಲ್ಲ.

ಕೆರೆ ಏರಿಯ ಮೇಲೆ ಚಿತ್ರಾನ್ನ ತಿನ್ನುವಾಗ ಅಮ್ಮ ತಡೆಯಲಾರದೆ ಕೇಳಿದರು. "ಒಂದು ಸೈಕಲ್‌ಗೆ ಇಷ್ಟೆಲ್ಲಾ ಬೇಕಾ ಸ್ವಾಮಿ?"

ಅವರು ತಿನ್ನುತ್ತಿದ್ದ ಎಲೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು.

"ಚಿಕ್ಕಣ್ಣ ಅಂತ ನನ್ ಸ್ನೇಹಿತ ಇದ್ದ ತಾಯಿ. ಹಾಲು ಹಾಕ್ತಿದ್ದ. ಕೆಂಗೇರಿ ಕಡೆಯಿಂದ ಎರಡು ಕ್ಯಾನು ಕಟ್ಕಂಡು ಬರೋನು. ಒಂದ್ಸಲ ಫೋರ್ಕು ಬಗ್ಗುಸ್ಕಂಡು ಬಂದ. ಕಾಯ್ಸಿ ನೆಟ್ಟಗ್ ಮಾಡ್ಕೊಟ್ಟೆ. ನೋಡಕ್ಕೆ ಹೊಸಾದ್ರಂಗಿತ್ತು. ಅವನ್ ದಾರೀಲಿ ಎಂಥಾ ಇಳಿಜಾರದೆ ಅಂತ ನಾನು ಕೇಳ್ಲಿಲ್ಲ, ಅವ್ನು ಹೇಳ್ಲಿಲ್ಲ. ಎಂಟು ದಿನ ಆಗಿತ್ತು. ಇಳಿಜಾರಲ್ಲಿ ಮುರೀತು. ಅವ್ನು ಉಳೀಲಿಲ್ಲ."

ಸಿದ್ದಲಿಂಗಣ್ಣ ಮುಂದುವರಿಸಿದರು. "ಯಾರೂ ನನ್ನ ಒಂದ್ ಮಾತು ಅನ್ಲಿಲ್ಲ. ಅವನ್ ಹೆಂಡ್ತೀನೂ ಅನ್ಲಿಲ್ಲ. ಕಬ್ಬಿಣ ಕಾಯ್ಸಿದ್ರೆ ಸತ್ವ ಹೋಗ್ತದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದೆ."

ಕೈ ತೊಳೆದು ಎದ್ದರು. ಮತ್ತೆಂದೂ ನನ್ನೆದುರು ಆ ಹೆಸರು ಎತ್ತಲಿಲ್ಲ.

ಸೈಕಲ್ ಸಿದ್ಧವಾಗಲು ಮೂರು ವಾರ ಹಿಡಿಯಿತು. ಹಸಿರು ಸೈಕಲ್ಲಿನ ಆಸೆ ಬಿಡಿಸಿ, ಕಪ್ಪು ಬಣ್ಣದ ಭಾರದ ಲೇಡೀಸ್ ಗಾಡಿಯೊಂದನ್ನು ಆರಿಸಿದ್ದರು. ಅದನ್ನೂ ತಂದ ಹಾಗೆ ಕೊಡಲಿಲ್ಲ. ಎರಡೂ ಗಾಲಿ ಬಿಚ್ಚಿ, ದಪ್ಪ ಕಡ್ಡಿ ಹಾಕಿ ತಾವೇ ಹೊಸದಾಗಿ ಹೆಣೆದರು. ಗಾಲಿ ತಿರುಗಿಸಿ, ಕಣ್ಣು ಮುಚ್ಚಿ, ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ ಕೇಳುತ್ತಿದ್ದರು. ತಂಬೂರಿ ಶ್ರುತಿ ಮಾಡುವವರೂ ಅಷ್ಟು ಹೊತ್ತು ಕೂರುವುದನ್ನು ನಾನು ಕಂಡಿಲ್ಲ. ಏರು ಹತ್ತಲು ಹಗುರಾಗಲೆಂದು ಹಿಂದೆ ಹೆಚ್ಚು ಹಲ್ಲಿನ ಫ್ರೀವೀಲ್ ಕೂರಿಸಿದರು. ಚೈನಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ, ಹಿಂದಿನ ಗಾಲಿಗೆ ಸೀರೆ ಸಿಕ್ಕದಂತೆ ಜಾಲರಿ, ಹೆರಿಗೆ ಸಾಮಾನಿನ ಡಬ್ಬಿ ಅಳೆದು ಅದಕ್ಕೆ ತಕ್ಕ ಕ್ಯಾರಿಯರ್.

ಕೊನೆಗೆ ಮಡ್‌ಗಾರ್ಡುಗಳನ್ನು ಟಯರಿನಿಂದ ಎರಡು ಬೆರಳು ಎತ್ತರಕ್ಕೆ ಏರಿಸಿ ಕಟ್ಟಿದರು. ನೋಡಲು ಗಾಡಿ ವಿಕಾರವಾಗಿತ್ತು. ಅಲ್ಲಿದ್ದ ಹುಡುಗರು, "ಅಣ್ಣ, ಇದೇನ್ ಒಂಟೆನಾ?" ಎಂದು ನಕ್ಕರು.

"ಉಲ್ಲಾಳದ ಜೇಡಿಮಣ್ಣು ನೋಡಿಲ್ಲ ನೀವು" ಎಂದಷ್ಟೇ ಹೇಳಿದರು.

ತೆಗೆದುಕೊಂಡು ಹೋಗಲು ಬಂದ ದಿನ ಗಾಡಿ ಕೊಡದೆ, ನನ್ನೆದುರೇ ಹಿಂದಿನ ಟಯರಿಗೆ ಮೊಳೆ ಚುಚ್ಚಿದರು. "ಈಗ ಗಾಲಿ ಬಿಚ್ಚು. ಪಂಕ್ಚರ್ ಹಾಕು. ವಾಪಸ್ ಕೂರ್ಸು." ಅದುವರೆಗೆ 'ನೀವು' ಎನ್ನುತ್ತಿದ್ದವರು ಅಂದಿನಿಂದ 'ನೀನು' ಎಂದರು. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತೆ. ರಸ್ತೆಯಲ್ಲಿ ಹೋಗುತ್ತಿದ್ದ ಗಂಡಸರೆಲ್ಲ ನಿಂತು ನೋಡತೊಡಗಿದರು. ಬೆರಳು ತರಚಿತು, ನಟ್ಟು ಜಾರಿತು, ಕಣ್ಣಲ್ಲಿ ನೀರು ಬಂತು. ಒಬ್ಬರು, "ಹೆಣ್ ಮಕ್ಳಿಗೆ ಯಾಕ್ರೀ ಇದೆಲ್ಲಾ, ನಾನ್ ಮಾಡ್ಕೊಡ್ತೀನಿ" ಎಂದು ಮುಂದೆ ಬಂದರು.

"ಕೆರೆ ಏರಿ ಮೇಲೆ ಮಳೇಲಿ ನೀವ್ ಬರ್ತೀರಾ ಸಾರ್?" ಎಂದರು ಸಿದ್ದಲಿಂಗಣ್ಣ. ಅವರು ಹಿಂದೆ ಸರಿದರು. ನಾನು ಮೂರನೆಯ ಸಲಕ್ಕೆ ತಪ್ಪಿಲ್ಲದೆ ಮಾಡಿ ಮುಗಿಸಿದೆ. "ಈಗ ತಗಂಡು ಹೋಗವ್ವ" ಎಂದರು.

ಆಷಾಢ ಬಂತು. ಒಂದು ಮಧ್ಯಾಹ್ನ ಉಪಕೇಂದ್ರಕ್ಕೆ ಒಬ್ಬ ರೈತ ಕೆಸರಲ್ಲಿ ಮಿಂದವನಂತೆ ಸೈಕಲ್ ತಳ್ಳಿಕೊಂಡು ಬಂದ. ಹೆಸರು ರಂಗಪ್ಪ. ಎರಡು ಮೈಲಿ ಆಚೆಯ ಹಟ್ಟಿಯಲ್ಲಿ ಅವನ ಹೆಂಡತಿಗೆ ಬೆಳಗಿನ ಜಾವದಿಂದ ನೋವು. ಇಬ್ಬರೂ ನಮ್ಮ ನಮ್ಮ ಸೈಕಲ್ ಹತ್ತಿ ಹೊರಟೆವು. ಹೊಲದ ದಾರಿ ಸೇರಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಗಾಲಿ ನಿಂತೇ ಹೋಯಿತು. ಜೇಡಿಮಣ್ಣು ಟಯರಿಗೂ ಮಡ್‌ಗಾರ್ಡಿಗೂ ನಡುವೆ ಗಾರೆ ತುಂಬಿದಂತೆ ತುಂಬಿಕೊಂಡಿತ್ತು. ಕಡ್ಡಿಯಿಂದ ಕೆರೆದ, ಹತ್ತು ಹೆಜ್ಜೆಗೆ ಮತ್ತೆ ನಿಂತಿತು. ನನ್ನ ಗಾಲಿಗೂ ಅದೇ ಮಣ್ಣು ಮೆತ್ತುತ್ತಿತ್ತು, ಆದರೆ ಆ ಎರಡು ಬೆರಳಿನ ಸಂದಿನಲ್ಲಿ ಉಂಡೆ ಉಂಡೆಯಾಗಿ ಉದುರಿ ಹೋಗುತ್ತಿತ್ತು.

"ನೀವ್ ಹೋಗಿ ನರ್ಸಮ್ಮ, ನಾನ್ ಓಡ್ ಬರ್ತೀನಿ" ಎಂದು ಅವನು ಸೈಕಲ್ಲನ್ನು ಬದುವಿನ ಮೇಲೆ ಎಸೆದ.

ನಾನು ತುಳಿದೆ. ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಎಲ್ಲಿ ಇಳಿಯಬೇಕಾಗುವುದೋ ಎಂಬ ಭಯ, ಎಲ್ಲಿಯೂ ಇಳಿಯಲಿಲ್ಲ. ಹಟ್ಟಿ ಮುಟ್ಟಿದಾಗ ಮಗುವಿನ ತಲೆ ಕಾಣುತ್ತಿತ್ತು, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬಿಡಿಸಿದೆ. ಹುಟ್ಟಿದ ಗಂಡುಮಗು ನೀಲಿಗಟ್ಟಿತ್ತು, ಅಳಲಿಲ್ಲ. ಬಾಯೊಳಗಿನ ಲೋಳೆ ಎಳೆದು ತೆಗೆದೆ, ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಅಜ್ಜಿ ಆಗಲೇ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆಗ ಆ ಮಗು ಒಮ್ಮೆ ಬಿಕ್ಕಿ, ಕಿರುಚಿತು. ರಂಗಪ್ಪ ಓಡಿ ಬಂದು ಹೊಸಿಲು ಮುಟ್ಟಿದ್ದು ಆ ಕೂಗಿನ ಹೊತ್ತಿಗೇ. ಅವನು ಬರುವಷ್ಟು ಹೊತ್ತು ನಾನೂ ದಾರಿಯಲ್ಲೇ ಇದ್ದಿದ್ದರೆ ಆ ಕೂಗು ಕೇಳುತ್ತಿರಲಿಲ್ಲ.

ಮರುದಿನ ಅಂಗಡಿಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಆ ರಂಗಪ್ಪನ ಸೈಕಲ್ ಏನಾಯ್ತು?"

"ಹೊಲದಲ್ಲೇ ಬಿದ್ದಿತ್ತು ಅಣ್ಣ. ಯಾಕೆ?"

"ನಾಳೆ ಆಸ್ಪತ್ರೆಗೆ ಓಡ್ಬೇಕಾದ್ರೆ ಅವ್ನು ಏನ್ ಮಾಡ್ತಾನೆ?"

ಮುಂದಿನ ಭಾನುವಾರ ನನಗೆ ಹೇಳದೆ, ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಆ ಹಟ್ಟಿಗೆ ಹೋಗಿದ್ದರು. ಸೋಮವಾರ ರಂಗಪ್ಪನೇ ಹೇಳಿದ್ದು. ಹೊಂಗೆ ಮರದ ಕೆಳಗೆ ಕೂತು, ಹಟ್ಟಿಯಲ್ಲಿದ್ದ ಒಂಬತ್ತು ಸೈಕಲ್ಲುಗಳ ಮಡ್‌ಗಾರ್ಡನ್ನೂ ಸಂಜೆಯೊಳಗೆ ಏರಿಸಿ ಕಟ್ಟಿದರಂತೆ. ಮುದ್ದೆ, ಹುರುಳಿ ಸಾರು ಉಂಡದ್ದೇ ಕೂಲಿ. ಹೊರಡುವ ಮುಂಚೆ, "ಮಗ ಎಲ್ಲಿ, ತೋರ್ಸಿ" ಎಂದು ಕೇಳಿದರಂತೆ. ತಾಯಿ ಎತ್ತಿಕೊಳ್ಳಲು ಕೊಟ್ಟರೆ, "ಕೈ ಕಪ್ಪು ಕಣವ್ವ" ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಬಹಳ ಹೊತ್ತು ನೋಡಿ ಹೋದರಂತೆ.

ಆರು ವರ್ಷ ಆ ಸೈಕಲ್ ನನ್ನನ್ನು ಒಂದು ದಿನವೂ ದಾರಿಯಲ್ಲಿ ಬಿಡಲಿಲ್ಲ. ಸಿದ್ದಲಿಂಗಣ್ಣನನ್ನು ಕೊನೆಗೆ ಕಂಡದ್ದು ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ. ಕೆಮ್ಮುತ್ತಿದ್ದರು. ನಾನು ನರ್ಸಿನ ಗತ್ತಿನಲ್ಲಿ ಡಾಕ್ಟರಿಗೆ ಎದೆ ತೋರಿಸಿಕೊಳ್ಳಿ ಎಂದು ಬೈದೆ. "ಆಯ್ತವ್ವ, ಆಯ್ತು" ಎನ್ನುತ್ತ ನನ್ನ ಸೈಕಲ್ಲಿನ ಚೈನ್ ಪೆಟ್ಟಿಗೆ ತೆರೆದು, ಚೈನನ್ನು ಬೆರಳಲ್ಲಿ ಎತ್ತಿ ನೋಡಿದರು. "ಹಿಗ್ಗ್ಬಿಟ್ಟದೆ. ಬರೋ ವಾರ ಬಾ, ಬದಲಾಯ್ಸ್ತೀನಿ."

ಬರುವ ವಾರ ಅಂಗಡಿಯ ಹಲಗೆ ತೆಗೆದಿರಲಿಲ್ಲ. ಹೂವಿನವಳು ಅಳುತ್ತ, ನಿನ್ನೆ ಬೆಳಗಿನ ಪೂಜೆಗೆ ಕೂತವರು ಹಾಗೇ ಒರಗಿಬಿಟ್ಟರೆಂದಳು.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಗೌರಮ್ಮನವರ ಜೊತೆ ಹತ್ತು ಜನ ಬಂದರೆ ಹೆಚ್ಚೆಂದುಕೊಂಡು ಹೋದೆ. ಅವರ ಮನೆಯ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವರು, ಅಂಚೆಯವರು, ಹಾಲಿನವರು, ಮೇಷ್ಟರುಗಳು, ಪೇಪರ್ ಹಾಕುವವರು. ವಿಜಯನಗರದವರು, ಬಸವೇಶ್ವರನಗರದವರು, ಕೆಂಗೇರಿಯವರು. ಎಲ್ಲರೂ ಸೈಕಲ್ಲಿನಲ್ಲೇ ಬಂದಿದ್ದರು. ಅವರ ದೇಹವನ್ನು ಕೂರಿಸಿ ಹೂವಿನಿಂದ ಅಲಂಕರಿಸಿದ ವಿಮಾನ ಹೆಗಲೇರಿ ಹೊರಟಾಗ ಯಾರೂ ಹೇಳದೆಯೇ ಎಲ್ಲರೂ ಸೈಕಲ್ ತಳ್ಳಿಕೊಂಡು ಹಿಂದೆ ನಡೆದರು. ಮುನ್ನೂರೋ ನಾನೂರೋ ಗಾಲಿಗಳ ಟಿಕ್ ಟಿಕ್ ಸದ್ದು ಮಾತ್ರ, ಜೋಳದ ಹೊಲದಲ್ಲಿ ಮಿಡತೆ ಎದ್ದಂತೆ, ರಸ್ತೆ ಉದ್ದಕ್ಕೂ. ಎದುರು ಬಂದ ಬಸ್ಸು ಪಕ್ಕಕ್ಕೆ ನಿಂತು ಎಂಜಿನ್ ಆರಿಸಿತು.

ಮಣ್ಣು ಕೊಟ್ಟು ಹೊರಗೆ ಬಂದೆವು. ಎಲ್ಲರೂ ಹ್ಯಾಂಡಲ್ ಹಿಡಿದು ನಿಂತೇ ಇದ್ದರು. ಮೊದಲು ಹತ್ತುವುದು ಯಾರಿಗೂ ಆಗುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಅಂಚೆಯವರು ನನ್ನ ಕ್ಯಾರಿಯರಿನ ಡಬ್ಬಿ ನೋಡಿ, "ಕೇಸ್ ಇದೆಯೇನಮ್ಮ?" ಎಂದರು.

"ನಾಗರಬಾವಿಲಿ. ಚೊಚ್ಚಲು."

"ಹಾಗಾದ್ರೆ ನೀವು ನಿಲ್ಬಾರ್ದು" ಎಂದು ತಮ್ಮ ಸೈಕಲ್ಲನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟರು. ಅವರ ಮುಂದಿನವರೂ ಬಿಟ್ಟರು. ಅಷ್ಟು ದೊಡ್ಡ ಗುಂಪು ಎರಡಾಗಿ ಸರಿದು ನಿಂತಿತು. ನಾನು ಕಣ್ಣೊರೆಸಿಕೊಂಡು ಹತ್ತಿದೆ.

ಮಧ್ಯಾಹ್ನ ಒಂದೂವರೆಗೆ ಹೆಣ್ಣುಮಗುವಾಯಿತು. ಹುಟ್ಟುತ್ತಲೇ ಗಟ್ಟಿಯಾಗಿ ಅತ್ತಿತು.