ತಪ್ಪು ತುದಿಯಿಂದ ಎಣಿಸಿದ ಸರ್

ಆ ದಿನ ಬೆಳಿಗ್ಗೆ ಹನ್ನೊಂದು ನಲವತ್ತು. ನಮ್ಮ ಲ್ಯಾಬಿನ ಸ್ಟೋರ್ ರೂಮಿನ ಬಾಗಿಲ ಸಂದಿಯಿಂದ ಪೆಟ್ರೋಲಿನಂಥ ವಾಸನೆ ಬಂದದ್ದು ಆಗ. ಇಷ್ಟು ದಿನವಾದ ಮೇಲೂ ಮೊನ್ನೆ ಕೋಥರೂಡದ ಪೆಟ್ರೋಲ್ ಪಂಪಿನಲ್ಲಿ ಅಂಥದೇ ವಾಸನೆ ಮೂಗಿಗೆ ಬಡಿದು, ಸ್ಕೂಟಿ ಅಲ್ಲೇ ಬಿಟ್ಟು ರಸ್ತೆಗೆ ಓಡಿಬಂದೆ. ಪಂಪಿನವರು ಕೂಗುತ್ತಿದ್ದರು. ನನಗೆ ಸರ್ ನೆನಪಾಗಿದ್ದರು…

ಸರ್ ನನಗೆ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಕಾಲೇಜು ಬಿಟ್ಟು ಪುಣೆಯಲ್ಲಿ ಅಂಟು ತಯಾರಿಸುವ ಕಂಪನಿಯೊಂದರ ಲ್ಯಾಬಿಗೆ ಮುಖ್ಯಸ್ಥರಾದಾಗ ನನ್ನನ್ನೂ ಕರೆಸಿಕೊಂಡರು. ಕವಲೊಡೆದ ಕಾರ್ಬನ್ ಸರಪಳಿಗೆ ಯಾವ ತುದಿಯಿಂದ ಅಂಕಿ ಹಾಕಬೇಕು ಅನ್ನುವುದು ಒಂದು ಕಾಲಕ್ಕೆ ನನ್ನ ತಲೆಗೆ ಹೋಗುತ್ತಿರಲಿಲ್ಲ. "ಬಸ್ಸಿನಾಗ ಯಾವ ಬಾಗಿಲಾ ಹತ್ರ ಅದನೋ ಅಲ್ಲಿಂದ ಇಳೀತಿ ಹೌದಿಲ್ಲೋ? ಕವಲು ಯಾವ ತುದಿಗೆ ಹತ್ರ ಅದನೋ ಅಲ್ಲಿಂದ ಎಣಸು, ಶಾಣ್ಯಾಕಿ," ಅಂದಿದ್ದರು. ಆಮೇಲೆ ನಾನೆಂದೂ ತಪ್ಪಿರಲಿಲ್ಲ.

ಬೇಗ ಬೆಂಕಿ ಹಿಡಿಯುವ ಒಂದೇ ದ್ರಾವಕದ ಐದು ಡಬ್ಬಿಗಿಂತ ಹೆಚ್ಚು ಒಂದು ಕೋಣೆಯಲ್ಲಿ ಇಡಬಾರದು ಅನ್ನುವುದು ನಮ್ಮಲ್ಲಿನ ನಿಯಮ. ಆ ವಾರ ಹತ್ತು ಡಬ್ಬಿ ಬಂದಿದ್ದವು. ಸರ್ ಹೇಳುತ್ತ ಹೋದರು, ನಾನು ಲೇಬಲ್ ಬರೆಯುತ್ತ ಹೋದೆ. ಐದಕ್ಕೆ 2-ಮೀಥೈಲ್‌ಪೆಂಟೇನ್, ಐದಕ್ಕೆ 4-ಮೀಥೈಲ್‌ಪೆಂಟೇನ್. ಐದು ಕಾರ್ಬನ್ನಿನ ಸರಪಳಿ. ಒಂದು ತುದಿಯಿಂದ ಎರಡನೆಯದರಲ್ಲಿ ಕವಲಿದ್ದರೆ ಇನ್ನೊಂದು ತುದಿಯಿಂದ ಅದೇ ನಾಲ್ಕನೆಯದು. ಎರಡೂ ಒಂದೇ ವಸ್ತು! ಹೆಸರು ಎರಡಾದ್ದರಿಂದ ಹತ್ತೂ ಡಬ್ಬಿ ಒಂದೇ ಕೋಣೆ ಸೇರಿದವು. ಆದರೆ ಸರ್ ಹೇಳುವಾಗ ನಾನು ಎಣಿಸುವುದನ್ನು ಎಂದೋ ಬಿಟ್ಟಿದ್ದೆ.

ಸ್ಟೋರ್ ನೋಡುತ್ತಿದ್ದ ಯಾದಗಿರಿ ಕಡೆಯ ಅಕ್ಕನಿಗೆ ಓದು ಬಾರದು, ಅಂಕಿ ಮಾತ್ರ ಗೊತ್ತು. ಯಾವುದಾದರೂ ಸೋರಿದರೆ ಆ ಅಂಕಿಯ ಡಬ್ಬಿಗಳನ್ನೆಲ್ಲ ಹೊರಗಿಡಬೇಕೆಂದು ಅವಳಿಗೆ ಕಲಿಸಲಾಗಿತ್ತು. ಮುಂದಿನ ಸಾಲಿನಲ್ಲಿ 2 ಅಂಕಿಯ ಡಬ್ಬಿಯೊಂದು ಒದ್ದೆಯಾಗಿತ್ತು. ಆ ಅಂಕಿಯ ಐದನ್ನೂ ಹೊರಗಿಟ್ಟು, "ಇನ್ನೇನಿಲ್ಲ ಬಿಡವಾ, ವಾಸನಿ ಹೋಗಲಿ," ಎಂದು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದಳು. ಹಿಂದಿನ ಸಾಲಿನಲ್ಲಿ ಸೋರಿ ಅದನ್ನು ಒದ್ದೆ ಮಾಡಿದ್ದದ್ದು 4 ಅಂಕಿಯದು; ಸ್ವಿಚ್ಚಿನ ಕಿಡಿ ಸಾಕಾಯಿತು… ಬೆಂಕಿ ನೀಲಿಯಾಗಿ ನೆಲದ ಮೇಲೆ ಹರಿದದ್ದು, ಅವಳ ತೋಳು, ಅವಳ ಕೂಗು. ಈಗಲೂ ಅಲ್ಲಿಂದ ಮುಂದಕ್ಕೆ ನೆನಪು ಹೋಗುವುದಿಲ್ಲ.

ಕಂಪನಿಯ ವಿಚಾರಣೆಯಲ್ಲಿ ಸರ್ ನನ್ನ ಕಡೆ ನೋಡದೆ ಹೇಳಿದರು: "ಲೇಬಲ್ಲಿನ ಅಕ್ಷರ ಆಕೀವು. ನನ್ನ ಶಿಷ್ಯೆನೇರಿ, ಆದ್ರ ಎಣಿಕ್ಯಾಗ ಮೊದಲಿಂದನೂ ಕಚ್ಚಾ."

ಮೊದಲಿಂದನೂ ಕಚ್ಚಾ! ಬೆಂಕಿಗಿಂತ ಹೆಚ್ಚು ಸುಟ್ಟದ್ದು ಆ ಮಾತು. ಅಕ್ಷರ ನನ್ನವು, ಎಣಿಕೆ ಸರ್ ಅವರದು ಎಂದೆ. ತಪ್ಪು ಇಬ್ಬರದೂ ಎಂದು ವಿಚಾರಣೆಯವರು ಬರೆದುಕೊಂಡರು. ಸರ್ ಬೇರೆ ಊರಿಗೆ ಹೋದರು; ಒಂದು ಫೋನೂ ಇಲ್ಲ.

ಎಷ್ಟೋ ವಾರ ನಿದ್ದೆ ಬರಲಿಲ್ಲ. ಅಕ್ಕ ಆಸ್ಪತ್ರೆಯಿಂದ ಕಾತ್ರಜದ ತನ್ನ ಕೋಣೆಗೆ ಮರಳಿದ ಮೇಲೆ ಒಂದು ಭಾನುವಾರ ಹೋಗಿ, ಆ ಲೇಬಲ್ ಬರೆದವಳು ನಾನೇ ಎಂದು ಹೇಳಿಬಿಟ್ಟೆ. ಅವಳು ಪಟ್ಟಿ ಕಟ್ಟಿದ ತೋಳನ್ನು ಮಡಿಲಿಗೆ ಎಳೆದುಕೊಂಡಳು.

"ಸಿಟ್ಟು ಭಾಳ ಅದ ನಿನ್ನ ಮ್ಯಾಲ," ಅಂದಳು. "ಆದ್ರ ಇಬ್ಬರು ಬರಬೇಕಿತ್ತು. ನೀ ಒಬ್ಬಾಕಿ ಬಂದಿ. ಕೂಡು, ಈ ಪಟ್ಟಿ ಬಿಚ್ಚಿ ಮುಲಾಮು ಹಚ್ಚು."

ಹಚ್ಚಿದೆ. ಸರ್ ಮತ್ತೆಂದೂ ನನಗೆ ಸಿಗುವುದಿಲ್ಲ ಎಂದು ಅರ್ಥವಾದದ್ದು ಅಲ್ಲಿ ಕೂತಾಗ. ಆ ಭಾನುವಾರ ರಾತ್ರಿ ನಾನು ಬೆಳಗಿನ ತನಕ ನಿದ್ದೆ ಮಾಡಿದೆ.