ಫಾರ್ಮಿನಲ್ಲಿ ನುಸುಳಿದ ಕಬಡ್ಡಿ

ಪಿಯುಸಿ ಎರಡನೇ ವರ್ಷದಲ್ಲಿ ನನಗೆ ದೂರದ ಒಂದು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದುವ ಆಸೆ ಹುಟ್ಟಿತು. ಅದಕ್ಕೆ ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ. ಯಾವ ವಿಷಯ ಬರೆಯಬೇಕೆಂದು ನಾವೇ ಆರಿಸಿಕೊಳ್ಳಬೇಕು. ನಮ್ಮೂರು ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಅಂಗಡಿಯಲ್ಲಿ ಅಪ್ಪನ ಜೊತೆ ಕೂತು ಇಂಗ್ಲಿಷ್, ಇತಿಹಾಸ, ರಾಜ್ಯಶಾಸ್ತ್ರ ಎಂದು ಹೇಳಿ ಫಾರ್ಮ್ ತುಂಬಿಸಿದೆ.

ಪ್ರವೇಶಪತ್ರ ಬಂದಾಗ ನಾಲ್ಕು ವಿಷಯಗಳಿದ್ದವು. ನಾಲ್ಕನೆಯದು ದೈಹಿಕ ಶಿಕ್ಷಣ. ಇಂಗ್ಲಿಷ್ ಪಟ್ಟಿಯಲ್ಲಿ ಅದು ರಾಜ್ಯಶಾಸ್ತ್ರಕ್ಕಿಂತ ಎರಡೇ ಸಾಲು ಮೇಲಿತ್ತಂತೆ. ಅಂಗಡಿಯವನ ಕೈ ಅಲ್ಲೂ ಒಮ್ಮೆ ಒತ್ತಿತ್ತು. ತಿದ್ದುವ ಅವಧಿ ಮುಗಿದಿತ್ತು. "ಬರೀಲೇಬೇಕು ಅಂತಿಲ್ಲ ತಂಗಿ, ಬೇಡಾದ್ರೆ ಬಿಡು," ಎಂದ.

ಬಿಡುವುದೆಂದೇ ನಾನು ನಿಶ್ಚಯಿಸಿದ್ದೆ. ಮೊಣಕಾಲು ನೋವೆಂದು ಚೀಟಿ ಕೊಟ್ಟು ಎರಡು ವರ್ಷ ಮೈದಾನಕ್ಕೇ ಇಳಿಯದವಳು ನಾನು. ಆದರೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಅಪ್ಪನಿಗೆ ಅಚ್ಚಾಗಿ ಬಂದ ಕಾಗದವೆಂದರೆ ಅಕ್ಷತೆ ಕೊಟ್ಟು ಕರೆದಷ್ಟೇ ಗೌರವ.

"ಹೆಸ್ರು ಹಾಕಿ ಕರ್ದಿದ್ದಾರೆ. ಹೋಗದೇ ಇದ್ರೆ ಎಂತ ತಿಳ್ಕಳ್ತಾರೆ?"

ಯಾರು ತಿಳಿದುಕೊಳ್ಳುತ್ತಾರೆ ಎಂದು ಕೇಳಿದ್ದಕ್ಕೆ ಅಪ್ಪ ಪ್ರವೇಶಪತ್ರದಲ್ಲಿ ನನ್ನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟ. ಗೈರುಹಾಜರಿ ಕಂಪ್ಯೂಟರಿನಲ್ಲಿ ಹಾಗೇ ಉಳಿದು, ನಾಳೆ ಗಂಡಿನ ಕಡೆಯವರು ತೆಗೆದು ನೋಡಿದರೆ ಎಂದು ಅಮ್ಮ ಬೇರೆಯೇ ಚಿಂತೆಗೆ ಬಿದ್ದಳು.

ಅಪ್ಪನ ಒತ್ತಾಯಕ್ಕೆ, ಕುಮಟಾದ ನಮ್ಮ ಕಾಲೇಜಿನ ಆಟದ ಸರ್ ಹತ್ತಿರ ಪುಸ್ತಕ ಕೇಳಲು ಹೋದೆ. ಅವರು ಮೊದಲು ನನ್ನ ಮೊಣಕಾಲು ನೋಡಿದರು, ಆಮೇಲೆ ಪ್ರವೇಶಪತ್ರ. ಇಷ್ಟು ವರ್ಷದ ನೌಕರಿಯಲ್ಲಿ ತಮ್ಮ ವಿಷಯಕ್ಕೆಂದು ಪೆನ್ನು ಹಿಡಿದು ಬಂದವಳು ನಾನೊಬ್ಬಳೇ ಎನ್ನುವಾಗ ಅವರ ದನಿ ಸಣ್ಣಗಾಗಿತ್ತು. ಬರೆಯುವುದಿಲ್ಲ ಎನ್ನಲಾಗದೆ ಅವರು ಕೊಟ್ಟ ಪುಸ್ತಕ ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಅವರು ಸುಣ್ಣದ ಪುಡಿ ಹಿಡಿದು ನಮ್ಮ ಮನೆಗೇ ಬಂದರು. ಕಬಡ್ಡಿ ಅಂಕಣ ಓದಿದರೆ ತಲೆಗೆ ಹತ್ತುವುದಿಲ್ಲ, ಕಣ್ಣಲ್ಲಿ ಕೂರಬೇಕು ಎಂದು ಅಮ್ಮನ ಹೊಲಿಗೆ ಟೇಪಿನಲ್ಲಿ ಅಂಗಳ ಅಳೆದರು. ಬೋನಸ್ ಗೆರೆ ಹಲಸಿನ ಹಪ್ಪಳ ಒಣಹಾಕಿದ್ದ ಚಾಪೆಯ ಮೇಲೆ ಹೋಗಬೇಕಾಯಿತು. ಅಮ್ಮ ಚಾಪೆ ಸರಿಸಲಿಲ್ಲ, ಸರ್ ಗೆರೆ ಸರಿಸಲಿಲ್ಲ. ಕೊನೆಗೆ ಹಪ್ಪಳಗಳನ್ನು ಎರಡು ಪಾಲು ಮಾಡಿ ನಡುವೆ ಗೆರೆ ಎಳೆದರು. ಅಪ್ಪ ನನ್ನನ್ನು ಎದುರಾಳಿಯ ಅಂಕಣದಲ್ಲಿ ನಿಲ್ಲಿಸಿ, ಪುಸ್ತಕ ಹಿಡಿದು ಪ್ರಾಣಾಯಾಮದ ಲಾಭಗಳನ್ನು ಕೇಳಿದ.

ಪರೀಕ್ಷೆ ಬರೆದೆ. ದೈಹಿಕ ಶಿಕ್ಷಣದಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು, ರಾಜ್ಯಶಾಸ್ತ್ರದಲ್ಲಿ ಎಲ್ಲಕ್ಕಿಂತ ಕಡಿಮೆ. ನಾನು ಬಯಸಿದ ಬಿ.ಎ.ಗೆ ದೈಹಿಕ ಶಿಕ್ಷಣವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೀಟು ಸಿಗಲಿಲ್ಲ, ಕುಮಟಾದಲ್ಲೇ ಬಿ.ಎ. ಸೇರಿದೆ.

ಅಂಕ ತೋರಿಸಲು ಹೋದಾಗ ಸರ್ ನನ್ನ ಮೊಬೈಲಿನ ಪರದೆಯನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. "ಇತಿಹಾಸಕ್ಕಿಂತ ಜಾಸ್ತಿ ಬಂತಲ್ಲೇ," ಎಂದವರು ಫೋನ್ ಹಿಡಿದುಕೊಂಡೇ ಇತಿಹಾಸದ ಮೇಡಂ ಕೂತಿದ್ದ ಕೋಣೆಗೆ ಹೋದರು. ಫೋನ್ ನನ್ನ ಕೈಗೆ ವಾಪಸು ಬರುವಷ್ಟರಲ್ಲಿ ಹೊನ್ನಾವರದ ಎರಡು ಬಸ್ ಹೋಗಿದ್ದವು.